ಲೈನ್ ಹಿಂದೆ ಬಿಚ್ಚಿಕೊಳ್ಳಲಿ: ಫ್ಲೈ ಕಾಸ್ಟಿಂಗ್ ಕಲಿತ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಹಳ್ಳಗಳಲ್ಲಿ ಗಾಳ ಹಾಕಿ ಬೆಳೆದವನು ನಾನು. ಬಿದಿರಿನ ಕೋಲು, ಎರೆಹುಳು, ದಾರದ ತುದಿಗೊಂದು ಸೀಸದ ಗುಂಡು. ಬೀಸಿದರೆ ಗುಂಡಿನ ಭಾರಕ್ಕೆ ದಾರ ತಾನೇ ಹೋಗುತ್ತಿತ್ತು. ಕ್ಯಾಲಿಫೋರ್ನಿಯಾಕ್ಕೆ ಬಂದು ಫ್ಲೈ ಮೀನುಗಾರಿಕೆಯ ಕೋಲು, ಅಂದರೆ ಫ್ಲೈ ರಾಡ್ ಹಿಡಿದಾಗಲೂ ಕೈ ಅದೇ ಬೀಸನ್ನು ಬೀಸಿತು. ಮೊದಲ ವರ್ಷ ಪೂರ್ತಿ ನನ್ನನ್ನು ಕಾಡಿದ್ದು ಇದೇ.

ಇಲ್ಲಿ ತುದಿಯಲ್ಲಿರುವುದು ಗರಿ, ರೋಮ ಸುತ್ತಿ ಹುಳದಂತೆ ಕಟ್ಟಿದ ಸಣ್ಣ ಕೊಕ್ಕೆ. ಅದೇ ಫ್ಲೈ. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ತೂಕವೆಲ್ಲ ಲೈನಿನದು, ಅಂದರೆ ಬೀಸುವ ದಪ್ಪ ದಾರದ್ದು. ನನ್ನದು 9 ಅಡಿಯ 5-ವೇಟ್ ರಾಡ್, ಅಂದರೆ ಐದನೇ ನಂಬರಿನ ತೂಕದ ಲೈನಿಗೆ ಹೊಂದುವಂಥದ್ದು. ಅದಕ್ಕೆ ಹಾಕುವ ಲೈನಿನ ಮೊದಲ 30 ಅಡಿ ಸುಮಾರು 140 ಗ್ರೇನ್, ಅಂದರೆ 9 ಗ್ರಾಂ ತೂಗುತ್ತದೆ. ಈ 9 ಗ್ರಾಂ ಬೆನ್ನ ಹಿಂದೆ ಉದ್ದಕ್ಕೆ ಚಾಚಿಕೊಂಡಿದ್ದರೆ ಮಾತ್ರ ಮುಂದಕ್ಕೆ ಎಳೆದಾಗ ರಾಡ್ ಸರಿಯಾಗಿ ಬಾಗುತ್ತದೆ. ಬಾಗಿದ ರಾಡನ್ನು ಗಕ್ಕನೆ ನಿಲ್ಲಿಸಿದರೆ ಲೈನ್ ತುದಿಯನ್ನು ದಾಟಿ ಹಾರುತ್ತದೆ. ನಾನು ನಿಲ್ಲಿಸುತ್ತಲೂ ಇರಲಿಲ್ಲ, ಕಾಯುತ್ತಲೂ ಇರಲಿಲ್ಲ.

ಕಲಿತದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ. 1938ರಲ್ಲಿ ಕಾಸ್ಟಿಂಗ್‌ಗೆಂದೇ, ಅಂದರೆ ಹೀಗೆ ಲೈನ್ ಬೀಸುವುದಕ್ಕೆಂದೇ ಕಟ್ಟಿದ ಮೂರು ಕೊಳಗಳಿವೆ ಅಲ್ಲಿ. ಗುರಿಗೆ ನೀರಿನ ಮೇಲೆ ಬಳೆಗಳು ತೇಲುತ್ತಿರುತ್ತವೆ. ಯಾರು ಬೇಕಾದರೂ ಹೋಗಿ ಅಭ್ಯಾಸ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಕಾಸ್ಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಸ್ಟೀವ್ ರಾಜೆಫ್ ಹುಡುಗನಾಗಿದ್ದಾಗ ಪಳಗಿದ್ದೂ ಇಲ್ಲೇ. ಬೇ ಏರಿಯಾದಲ್ಲಿರುವ ನಮ್ಮವರು ಒಮ್ಮೆಯಾದರೂ ಹೋಗಿ ನೋಡಬೇಕು.

ಒಂದು ಭಾನುವಾರ ನನ್ನ ಹೆಂಡತಿ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದಳು. ನೋಡುತ್ತಾ, "ರೀ, ದಾರ ಹಿಂದೆ ಇನ್ನೂ ಸುರುಳಿಯಾಗೇ ಇದೆ, ನೀವಾಗಲೇ ಮುಂದಕ್ಕೆ ಹೊಡೀತಿದ್ದೀರಿ" ಅಂದಳು. ನಿಜ. ಹಿಂದೆ ಲೈನಿನ ಸುರುಳಿ ಅರ್ಧ ಬಿಚ್ಚಿತ್ತು, ಅಷ್ಟರಲ್ಲೇ ನನ್ನ ಕೈ ಮುಂದಕ್ಕೆ ಬಂದಾಗಿತ್ತು. ಚಾಟಿಯಂಥ ಚಟೀರ್ ಸದ್ದು ಬರುತ್ತಿದ್ದದ್ದು, ಹೊಳೆಯಲ್ಲಿ ಫ್ಲೈಗಳು ಕಿತ್ತುಹೋಗುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಇನ್ನೊಂದು ತಪ್ಪೂ ಕಂಡಿತು. ಮಣಿಕಟ್ಟು ಪೂರ್ತಿ ಮಡಚಿ ರಾಡಿನ ತುದಿ ಹಿಂದೆ ನೆಲದತ್ತ ಬಾಗುತ್ತಿತ್ತು, ಲೈನ್ ಹುಲ್ಲಿಗೆ ಬಡಿಯುತ್ತಿತ್ತು.

ಮಣಿಕಟ್ಟಿಗೆ ಮದ್ದು ಸುಲಭ. ರಾಡಿನ ಬುಡವನ್ನು ತುಂಬುತೋಳಿನ ಅಂಗಿಯ ಕಫ್ಫಿನೊಳಗೆ ತೂರಿಸಿಕೊಂಡು ಎರಡು ವಾರ ಬೀಸಿದೆ. ಮಣಿಕಟ್ಟು ಮಡಚಿದರೆ ಬಟ್ಟೆ ಜಗ್ಗಿ ಎಚ್ಚರಿಸುತ್ತದೆ.

ಕಾಯುವುದನ್ನು ಕಲಿಯಲು ಹೆಚ್ಚು ದಿನ ಬೇಕಾಯಿತು. ಹುಲ್ಲಿನ ಮೇಲೆ ನಿಂತು ರಾಡನ್ನು ನೆಲಕ್ಕೆ ಸಮಾನಾಂತರವಾಗಿ, ಸೊಂಟದ ಎತ್ತರದಲ್ಲಿ ಅಡ್ಡಡ್ಡ ಬೀಸುತ್ತಿದ್ದೆ. ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಣುಕು. ಹಾಗೆ ಬೀಸಿದರೆ ಲೈನಿನ ಸುರುಳಿ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ, ಒಂದೊಂದು ಬೀಸಿಗೂ ನಿಲ್ಲಿಸಿ ಲೈನನ್ನು ಹುಲ್ಲಿಗೆ ಬೀಳಲು ಬಿಟ್ಟು ನೋಡಬಹುದು. ನೆಟ್ಟಗೆ ಬಿದ್ದರೆ ಸರಿ, ಹಾವಿನಂತೆ ಬಿದ್ದರೆ ನಿಲ್ಲಿಸಿದ್ದು ಸಾಲದು. ಆಮೇಲೆ ಬೀಸನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿದೆ. ಪ್ರತಿ ಸಲವೂ ಕತ್ತು ತಿರುಗಿಸಿ ಹಿಂದೆ ನೋಡಿದೆ. ಈಗಲೂ ನೋಡುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ.

ರಾಡನ್ನು ಗಡಿಯಾರದ ಮುಳ್ಳಿನಂತೆ ಹತ್ತು ಗಂಟೆಯ ಮತ್ತು ಎರಡು ಗಂಟೆಯ ಜಾಗಗಳ ನಡುವೆ ಬೀಸಬೇಕೆಂದು ಎಲ್ಲರೂ ಹೇಳಿಕೊಡುವ "ಹತ್ತರಿಂದ ಎರಡು ಗಂಟೆ" ಸೂತ್ರ ನನಗೆ ಅಷ್ಟಾಗಿ ಒಗ್ಗಲಿಲ್ಲ. 20 ಅಡಿಗೆ ಅಷ್ಟಗಲದ ಬೀಸೂ ಬೇಡ, 45 ಅಡಿಗೆ ಅಷ್ಟು ಸಾಲದು. ಲೈನ್ ಉದ್ದವಾದಷ್ಟೂ ಬೀಸು ಅಗಲವಾಗಬೇಕು, ಕಾಯುವ ಹೊತ್ತೂ ಹೆಚ್ಚಬೇಕು. ಬಲವನ್ನು ಮೊದಲಿಗೇ ಸುರಿಯಬಾರದು. ಮೆಲ್ಲಗೆ ಶುರುಮಾಡಿ ವೇಗ ಏರಿಸುತ್ತಾ ಹೋಗಿ ನಿಲ್ಲಿಸಬೇಕು. ಶುರುವಿಗೇ ಜಗ್ಗಿದರೆ ಸುರುಳಿಯ ಮೇಲಿನ ಎಳೆ ಕೆಳಗಿನದರ ಮೇಲೆ ಬಿದ್ದು ಲೀಡರಿನಲ್ಲಿ, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ದಾರದಲ್ಲಿ ಗಂಟಾಗುತ್ತದೆ. ಅದನ್ನು ಗಾಳಿಯ ಗಂಟು ಅನ್ನುತ್ತಾರೆ, ಆದರೆ ನನ್ನ ಗಂಟುಗಳೆಲ್ಲ ನನ್ನ ಕೈಯಿಂದಲೇ ಆದವು.

ಲೈನನ್ನು ಹಿಂದಕ್ಕೆ ಚಾಚದೆ ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಮಾತ್ರ ಹುಲ್ಲಿನ ಮೇಲೆ ಬರುವುದಿಲ್ಲ. ಅದಕ್ಕೆ ನೀರು ಲೈನನ್ನು ಹಿಡಿದುಕೊಳ್ಳಬೇಕು. ಬೆನ್ನಿಗೆ ಮರಗಳಿರುವ ಕಡೆ ಅದಿಲ್ಲದೆ ಆಗದು. ಮೊಂಟಿಸೆಲ್ಲೊ ಅಣೆಕಟ್ಟಿನ ಕೆಳಗಿನ ಪ್ಯೂಟಾ ಕ್ರೀಕಿನಲ್ಲಿ ನನಗೆ ಮೊದಲ ರೇನ್‌ಬೋ ಟ್ರೌಟ್ ಮೀನು ಸಿಕ್ಕಿದ್ದು ರೋಲ್ ಕಾಸ್ಟಿನಿಂದಲೇ, 25 ಅಡಿಗಿಂತ ಹತ್ತಿರದಲ್ಲಿ. ಅಲ್ಲಿ ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕು, ಹಿಡಿದ ಮೀನನ್ನು ಮರಳಿ ಬಿಡಬೇಕು. ಅಂಗೈಯನ್ನು ಒದ್ದೆ ಮಾಡಿಕೊಂಡು ಹಿಡಿದೆ. ಪಕ್ಕೆಯ ಗುಲಾಬಿ ಪಟ್ಟಿ ನೀರೊಳಗೆ ಒಮ್ಮೆ ಹೊಳೆದು ಮರೆಯಾಯಿತು.

ಈಗ ಡಬಲ್ ಹಾಲ್ ಕಲಿಯುತ್ತಿದ್ದೇನೆ. ಬಲಗೈ ಬೀಸುವಾಗ ಎಡಗೈ ಲೈನನ್ನು ಕೆಳಕ್ಕೆ ಜಗ್ಗಿ ಮತ್ತೆ ಮೇಲಕ್ಕೆ ಹೋಗಬೇಕು. ಜಗ್ಗುವುದು ಬಂದಿದೆ. ಮೇಲಕ್ಕೆ ಹೋಗಬೇಕಾದ ಕೈ ಇನ್ನೂ ಸೊಂಟದ ಹತ್ತಿರವೇ ನಿಂತುಬಿಡುತ್ತದೆ, ಲೈನ್ ಜೋಲುತ್ತದೆ. ರಾಡ್ ಇಲ್ಲದೆ, ಬರಿಗೈಯಲ್ಲೇ ದಿನಕ್ಕೆ ಹತ್ತು ನಿಮಿಷ ತಿದ್ದುತ್ತಿದ್ದೇನೆ.