ಕಾಪಾಡಿದ ಇಲಿಮರಿಯನ್ನು ಸಾಕುವುದೋ, ಬಿಡುವುದೋ?

ಬೆಂಗಳೂರಿನ ಮನೆಗಳಲ್ಲಿ ಇಲಿಮರಿಗಳು ಕೈಗೆ ಸಿಗುವ ಸಂದರ್ಭಗಳು ಹೆಚ್ಚುಕಡಿಮೆ ಒಂದೇ ಬಗೆಯವು. ದಸರೆ ಹತ್ತಿರ ಬಂದಾಗ ಸಜ್ಜದ ಮೇಲಿನ ಗೊಂಬೆ ಪೆಟ್ಟಿಗೆಯನ್ನು ಇಳಿಸಿದರೆ, ಪಟ್ಟದ ಗೊಂಬೆಗಳಿಗೆ ಸುತ್ತಿಟ್ಟಿದ್ದ ಹಳೆಯ ಪಂಚೆ ನೂಲುನೂಲಾಗಿ ಹರಿದು ಗೂಡಾಗಿರುತ್ತದೆ. ಅದರ ನಡುವೆ ಕೂದಲಿಲ್ಲದ, ಕಣ್ಣು ಮುಚ್ಚಿದ, ಬೆರಳ ತುದಿಯಷ್ಟೇ ಗಾತ್ರದ ಐದಾರು ಕೆಂಪು ಮರಿಗಳು ಹೊರಳಾಡುತ್ತಿರುತ್ತವೆ. ಯುಪಿಎಸ್ ಬ್ಯಾಟರಿಯ ಹಿಂದೆ, ಬಹಳ ದಿನ ಓಡಿಸದ ಕಾರಿನ ಬಾನೆಟ್ಟಿನ ಒಳಗೆ, ಅಕ್ಕಿ ಮೂಟೆಗಳ ಸಂದಿಯಲ್ಲಿ ಸಿಗುವುದೂ ಉಂಟು. ಕೊಲ್ಲಲು ಮನಸ್ಸು ಬಾರದೆ ಎತ್ತಿಕೊಂಡವರಿಗೆ ಮೊದಲ ದಿನ ಬದುಕಿಸುವುದೊಂದೇ ಚಿಂತೆ. ಸಾಕಬೇಕೋ ಬಿಡಬೇಕೋ ಎಂಬ ಯೋಚನೆ ಬರುವುದು ಮೂರ್ನಾಲ್ಕು ವಾರಗಳ ನಂತರ, ಮರಿ ಅಂಗೈ ಮೇಲೆ ಕುಳಿತು ರಾಗಿ ಕಾಳು ಕಡಿಯುವ ಹೊತ್ತಿಗೆ. ಅಷ್ಟರಲ್ಲಿ ತೀರ್ಮಾನ ನಮ್ಮ ಕೈಮೀರಿ ಹೋಗಿರುತ್ತದೆ. ಆದ್ದರಿಂದ ಮರಿ ಕಣ್ಣು ಬಿಡುವ ಮೊದಲೇ, ಅಂದರೆ ಹುಟ್ಟಿದ ಹದಿಮೂರು ಹದಿನಾಲ್ಕು ದಿನಗಳ ಒಳಗೆ, ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕಣ್ಣು ಬಿಟ್ಟ ಮೇಲಿನ ಎರಡು ವಾರಗಳಲ್ಲಿ ನಾವು ಅದನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಮೇಲೆಯೇ ಅದು ಹೊರಗೆ ಬದುಕಬಲ್ಲ ಇಲಿಯಾಗುತ್ತದೆಯೋ, ಮನುಷ್ಯರಿಗೆ ಹೆದರದ, ಆದ್ದರಿಂದ ಬಿಡಲಾಗದ ಇಲಿಯಾಗುತ್ತದೆಯೋ ಎಂಬುದು ನಿಂತಿದೆ.

ಅದಕ್ಕೂ ಮೊದಲು, ಮರಿಗಳು ನಿಜವಾಗಿಯೂ ಅನಾಥವೇ ಎಂದು ನೋಡಬೇಕು. ತಾಯಿ ಬೋನಿಗೆ ಬಿದ್ದದ್ದನ್ನೋ ಸತ್ತದ್ದನ್ನೋ ಕಣ್ಣಾರೆ ಕಂಡಿರದಿದ್ದರೆ, ಗೂಡು ಕದಲಿದಾಗ ಅದು ಓಡಿಹೋಗಿ ಹತ್ತಿರದಲ್ಲೇ ಅಡಗಿರುವ ಸಾಧ್ಯತೆ ಹೆಚ್ಚು. ಮನುಷ್ಯರ ಕೈ ತಾಗಿದರೆ ತಾಯಿ ಮರಿಗಳನ್ನು ಮುಟ್ಟುವುದಿಲ್ಲವೆಂಬ ನಂಬಿಕೆ ಇಲಿಗಳ ವಿಷಯದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮರಿಗಳನ್ನು ಅದೇ ಗೂಡಿನ ಚಿಂದಿಯ ಸಮೇತ ಒಂದು ರಟ್ಟಿನ ಡಬ್ಬಿಯಲ್ಲಿಟ್ಟು, ಡಬ್ಬಿಯ ಬುಡದಲ್ಲಿ ತಾಯಿ ನುಸುಳುವಷ್ಟು ತೂತು ಕೊರೆದು, ಸಿಕ್ಕ ಜಾಗದ ಪಕ್ಕದಲ್ಲೇ ಇಟ್ಟು, ದೀಪ ಆರಿಸಿ, ಬೆಕ್ಕು ಸುಳಿಯದಂತೆ ಬಾಗಿಲು ಮುಚ್ಚಿ, ಎರಡು ಮೂರು ಗಂಟೆ ಆ ಕಡೆ ಹೋಗದೆ ಇರಬೇಕು. ತಾಯಿ ಬಂದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ, ಇಲ್ಲವೇ ಅಲ್ಲೇ ಹಾಲೂಡಿಸುತ್ತದೆ. ಹಾಲು ಕುಡಿದದ್ದನ್ನು ಗುರುತಿಸುವುದು ಸುಲಭ: ಕೂದಲು ಬಾರದ ಮರಿಯ ಹೊಟ್ಟೆಯ ಎಡಗಡೆ, ಚರ್ಮದ ಮೂಲಕವೇ, ಬಿಳಿಯ ಪಟ್ಟಿಯೊಂದು ಕಾಣುತ್ತದೆ. ಆ ಪಟ್ಟಿ ಇಲ್ಲದೆ ಹೊಟ್ಟೆ ಬತ್ತಿ, ಮೈ ತಣ್ಣಗಾಗುತ್ತಾ ಬಂದರೆ ಮಾತ್ರ ಎತ್ತಿಕೊಳ್ಳಬೇಕು.

ಕೈಯಲ್ಲಿರುವುದು ಯಾವ ಪ್ರಾಣಿ ಎಂಬುದೂ ತೀರ್ಮಾನವನ್ನು ಬದಲಿಸುತ್ತದೆ. ಮನೆಯ ಚಿಕ್ಕ ಇಲಿಯ ಹಸುಗೂಸು ಒಂದು, ಒಂದೂವರೆ ಗ್ರಾಂ ತೂಗುತ್ತದೆ. ದೊಡ್ಡ ಇಲಿಯ ಮರಿ ಹುಟ್ಟುವಾಗಲೇ ಐದಾರು ಗ್ರಾಂ ಇರುತ್ತದೆ. ಕೂದಲು ಬಂದ ಮೇಲೆ ಪಾದ ನೋಡಬೇಕು: ಮೈಗೆ ಹೋಲಿಸಿದರೆ ತಲೆಯೂ ಹಿಂಗಾಲಿನ ಪಾದವೂ ದಪ್ಪವಾಗಿ, ಮೂತಿ ಮೊಂಡಾಗಿದ್ದರೆ ಅದು ದೊಡ್ಡ ಇಲಿಯದೋ ಹೆಗ್ಗಣದ್ದೋ ಮರಿ. ಹೆಗ್ಗಣವನ್ನು ಮನೆಯಲ್ಲಿ ಸಾಕುವ ಯೋಚನೆಯನ್ನೇ ಮಾಡಬಾರದು. ಉದ್ದನೆಯ ಚೂಪು ಮೂತಿ, ಸಾಸಿವೆಯಷ್ಟು ಕಣ್ಣು, ಮೂಗಿಗೆ ಹೊಡೆಯುವ ಕಸ್ತೂರಿಯಂಥ ವಾಸನೆ ಇದ್ದರೆ ಅದು ಮೂಗಿಲಿ; ಹೆಸರಿನಲ್ಲಿ ಇಲಿ ಇದ್ದರೂ ಅದು ದಂಶಕವಲ್ಲ, ಹುಳುಹುಪ್ಪಟೆ ತಿಂದು ಬದುಕುವ ಬೇರೆಯೇ ಗುಂಪಿನ ಪ್ರಾಣಿ. ಅದರ ಮರಿಗಳು ಒಂದರ ಬಾಲದ ಬುಡವನ್ನು ಇನ್ನೊಂದು ಕಚ್ಚಿಕೊಂಡು ತಾಯಿಯ ಹಿಂದೆ ಸಾಲಾಗಿ ಗೋಡೆಯ ಅಂಚಿನಲ್ಲಿ ಹೋಗುವುದನ್ನು ಕಂಡರೆ ದಾರಿ ಬಿಟ್ಟು ನಿಲ್ಲಬೇಕಷ್ಟೇ. ಬೆನ್ನಿನ ಮೇಲೆ ಗೆರೆಗಳು ಕಂಡರೆ ಅದು ಅಳಿಲಿನ ಮರಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ತಲುಪಿಸುವುದು ಸರಿಯಾದ ಕ್ರಮ. ನಗರದಂಚಿನ ರಾಗಿ ಹೊಲಗಳ ಬದುವಿನಲ್ಲಿ ಸಿಗುವ, ಹೊಟ್ಟೆ ಬೆಳ್ಳಗಿರುವ ಪುಟ್ಟ ಹೊಲದಿಲಿ ಮನೆಯ ಇಲಿಯಲ್ಲ. ಅದನ್ನು ಹೊಲಕ್ಕೇ ಹಿಂದಿರುಗಿಸಬೇಕು.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಇಲಿಗಳನ್ನು ಕಾಗೆ ಮತ್ತು ಹಣ್ಣು ತಿನ್ನುವ ಬಾವಲಿಗಳ ಜೊತೆ ಉಪದ್ರವಕಾರಿ ಪ್ರಾಣಿಗಳೆಂದು ಪಟ್ಟಿ ಮಾಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ಕೈಬಿಡಲಾಯಿತು. ಅಷ್ಟರಿಂದ ಕಾಡುಪ್ರಾಣಿಯೊಂದು ಸಾಕುಪ್ರಾಣಿಯಾಗಿಬಿಡುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೂ ಇಲಿಗಳಿಗೂ ಅನ್ವಯಿಸುತ್ತದೆ. ಇಕ್ಕಟ್ಟಿನ ಬೋನಿನಲ್ಲಿ ಅನ್ನ ನೀರಿಲ್ಲದೆ ಇಟ್ಟರೆ ಕಾಪಾಡಿದೆ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಬೆಳೆದ ಇಲಿಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಬೋನಿಗೆ ಬಿದ್ದದ್ದಾಗಲಿ, ಬೆಕ್ಕಿನ ಬಾಯಿಂದ ಬಿಡಿಸಿದ್ದಾಗಲಿ, ಹಾಲು ಬಿಟ್ಟ ಮೇಲೆ ಸಿಕ್ಕ ಇಲಿ ಪಳಗುವುದು ತೀರಾ ಅಪರೂಪ. ಪಂಜರದಲ್ಲಿ ಅದು ಪ್ರತಿದಿನವೂ ಭಯದಲ್ಲೇ ಕಳೆಯುತ್ತದೆ. ಗಾಯವಿಲ್ಲದಿದ್ದರೆ ಅದೇ ಸಂಜೆ ಬಿಡಬೇಕು. ಅಂಟು ಹಲಗೆಗೆ ಸಿಕ್ಕಿದ್ದರೆ ಎಳೆಯಬಾರದು, ಚರ್ಮ ಕಿತ್ತು ಬರುತ್ತದೆ. ದಪ್ಪ ಕೈಗವಸು ತೊಟ್ಟು, ಉಳಿದ ಅಂಟಿನ ಮೇಲೆ ಕಾಗದ ಹರಡಿ, ಅಂಟಿದ ಜಾಗಕ್ಕೆ ಅಡುಗೆ ಎಣ್ಣೆ ಹನಿಸುತ್ತಾ ನಿಧಾನವಾಗಿ ಬಿಡಿಸಿ, ಎಣ್ಣೆಯನ್ನು ಒರೆಸಿ, ಬೆಚ್ಚಗಿನ ಕತ್ತಲ ಡಬ್ಬಿಯಲ್ಲಿ ಒಂದು ದಿನ ಸುಧಾರಿಸಿಕೊಳ್ಳಲು ಬಿಡಬೇಕು. ಪಾಷಾಣ ತಿಂದಿರಬಹುದೆಂಬ ಶಂಕೆಯಿದ್ದರೆ ಮಾತ್ರ ಬಿಡುವುದು ತಪ್ಪಾಗುತ್ತದೆ. ಬ್ರೊಮಾಡಿಯೊಲೋನ್‌ನಂಥ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೆಲವು ದಿನಗಳ ನಂತರ ಕೊಲ್ಲುತ್ತದೆ, ಮತ್ತು ಅಂಥ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ನಮ್ಮ ಅಪಾರ್ಟ್‌ಮೆಂಟುಗಳ ಡಕ್ಟ್‌ಗಳಲ್ಲಿ ಗೂಡು ಮಾಡುವ ಕಣಜ ಗೂಬೆಗೂ ಅದು ದಾಟುತ್ತದೆ. ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಂಡರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಬೆನ್ನು ಮುರಿದದ್ದು, ಕರುಳು ಹೊರಬಂದದ್ದು ಸಿಕ್ಕರೆ ಸಾಕುವುದೂ ಬಿಡುವುದೂ ಎರಡೂ ಕ್ರೌರ್ಯವೇ. ವೈದ್ಯರ ಕೈಯಲ್ಲಿ ನೋವಿಲ್ಲದ ಸಾವು ಕೊಡಿಸುವುದು ಉಳಿದಿರುವ ಒಂದೇ ಉಪಕಾರ.

ಇನ್ನು ಕಣ್ಣು ಬಿಡದ ಮರಿ. ಅದಕ್ಕೆ ಆಹಾರಕ್ಕಿಂತ ಮೊದಲು ಶಾಖ ಬೇಕು, ಏಕೆಂದರೆ ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅದು ಜೀರ್ಣವಾಗುವುದಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಅರ್ಧ ಭಾಗಕ್ಕೆ ಮಾತ್ರ ಶಾಖ ತಾಗುವಂತೆ ಇಟ್ಟರೆ, ಸೆಖೆಯಾದಾಗ ಮರಿ ಇನ್ನೊಂದು ಬದಿಗೆ ತೆವಳಬಹುದು. ಹಸುವಿನ ಹಾಲು ಭೇದಿ ಹಿಡಿಸುತ್ತದೆ. ಬೆಕ್ಕಿನ ಮರಿಗಳಿಗೆಂದು ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರುವ ಹಾಲಿನ ಪುಡಿಯನ್ನು ಕಲಸಿ, ಮಕ್ಕಳ ಚಿತ್ರಕಲೆಯ ಸಣ್ಣ ಬ್ರಷ್ಷಿನ ತುದಿಯಿಂದ ಹನಿಹನಿಯಾಗಿ ನೆಕ್ಕಿಸಬೇಕು. ಸಿರಿಂಜಿನಿಂದ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ಮರಿ ಸಾಯುತ್ತದೆ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡ ಕೂಡಲೇ ನಿಲ್ಲಿಸಿ ಮೂತಿಯನ್ನು ಒರೆಸಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಇದು ನಡೆಯಬೇಕು. ಪ್ರತಿ ಸಲವೂ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲನೆ ಸವರಿದರೆ ಮಾತ್ರ ಮರಿ ಉಚ್ಚೆ ಹಿಕ್ಕೆ ಮಾಡುತ್ತದೆ, ತಾಯಿ ನೆಕ್ಕಿ ಮಾಡಿಸುತ್ತಿದ್ದ ಕೆಲಸ ಅದು. ಇಷ್ಟೆಲ್ಲ ಮಾಡಿಯೂ ಬಹಳಷ್ಟು ಮರಿಗಳು ಉಳಿಯುವುದಿಲ್ಲ. ಕಚೇರಿಗೆ ಹೋಗಲೇಬೇಕಾದವರು ಈ ಹೊರೆಯನ್ನು ಹೊರುವ ಮೊದಲು ಮನೆಯಲ್ಲಿ ಯಾರು ಹಗಲು ನೋಡಿಕೊಳ್ಳುತ್ತಾರೆ ಎಂದು ಕೇಳಿಕೊಳ್ಳಲಿ.

ಮೊದಲೇ ಮಾಡಿಕೊಂಡ ತೀರ್ಮಾನ ಜಾರಿಗೆ ಬರುವುದು ಕಣ್ಣು ಬಿಡುವ ದಿನ. ಬಿಡುವುದೆಂದಾದರೆ ಅಂದಿನಿಂದ ಮುದ್ದಾಟ ನಿಲ್ಲಬೇಕು: ಮಾತನಾಡಿಸಬಾರದು, ಅಂಗೈಯಲ್ಲಿ ತಿನ್ನಿಸಬಾರದು, ಒಡಹುಟ್ಟಿದ ಮರಿಗಳಿದ್ದರೆ ಬೇರ್ಪಡಿಸಬಾರದು. ಸುಮಾರು ಹದಿನೇಳನೆಯ ದಿನದಿಂದ ಅದು ಗಟ್ಟಿ ಆಹಾರವನ್ನು ಕಚ್ಚತೊಡಗುತ್ತದೆ, ಮೂರು ವಾರಕ್ಕೆ ಹಾಲು ಬಿಡುತ್ತದೆ. ರಾಗಿ, ನವಣೆ, ಗೋಧಿ ನುಚ್ಚು, ಹುಲ್ಲಿನ ತೆನೆಗಳನ್ನು ಬಟ್ಟಲಿನಲ್ಲಿ ಇಡದೆ ಮಣ್ಣು ಮತ್ತು ಒಣ ಎಲೆಯ ನಡುವೆ ಹುದುಗಿಸಿಟ್ಟರೆ ಹುಡುಕಿ ತಿನ್ನುವುದನ್ನು ತಾನೇ ಕಲಿಯುತ್ತದೆ. ಐದಾರು ವಾರಗಳಾಗುವ ಹೊತ್ತಿಗೆ ಅದು ನಮ್ಮ ಹೆಜ್ಜೆ ಸಪ್ಪಳಕ್ಕೆ ಗೂಡಿಗೆ ನುಗ್ಗಬೇಕು, ಕೊಟ್ಟ ಚಿಂದಿಯಿಂದ ತಾನೇ ಗೂಡು ಕಟ್ಟಬೇಕು, ಕೈ ಒಡ್ಡಿದರೆ ತಪ್ಪಿಸಿಕೊಳ್ಳಬೇಕು. ಕೈ ಕಂಡೊಡನೆ ತೋಳೇರಿ ಬರುವ ಇಲಿಯನ್ನು ಹೊರಗೆ ಬಿಟ್ಟರೆ ಅದು ಮೊದಲ ಬೆಕ್ಕಿನ ಪಾಲು. ಒಂಟಿಯಾಗಿ ಬೆಳೆದ ಮರಿಗಳಲ್ಲಿ ಹೀಗಾಗುವುದು ಹೆಚ್ಚು, ಮತ್ತು ಅಂಥದ್ದನ್ನು ಸಾಕುವುದೇ ನ್ಯಾಯ. ಒಂದು ಕಣ್ಣು ಕಾಣದ, ತಲೆ ಒಂದೇ ಕಡೆ ವಾಲಿದ, ಕಾಲು ಕಳೆದುಕೊಂಡ ಮರಿಗಳೂ ಇದೇ ಗುಂಪಿಗೆ ಸೇರುತ್ತವೆ.

ಸಾಕುವುದಕ್ಕೂ ಮನೆ ತಕ್ಕುದಾಗಿರಬೇಕು. ಇಲಿಗಳ ಉಚ್ಚೆಯಿಂದ ಇಲಿಜ್ವರದ ರೋಗಾಣು ಹರಡುತ್ತದೆ. ಮನೆಯ ಇಲಿ ಹೊತ್ತು ತರುವ ವೈರಾಣುವೊಂದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಇರುವ ಮನೆಯಲ್ಲಿ ಹೀಗೆ ಹೊರಗಿನಿಂದ ಸಿಕ್ಕ ಇಲಿಯನ್ನು ಸಾಕಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಕರುಣೆಯ ವಾದಕ್ಕೆ ಜಾಗವಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಆ ನಂತರ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದ ಊರು ಇದು. ಇಲಿಯ ಬಗ್ಗೆ ಹಿರಿಯರಿಗಿದ್ದ ಅಂಜಿಕೆ ಬರೀ ಮೂಢನಂಬಿಕೆಯಲ್ಲ. ಕಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರನ್ನು ಕಾಣಬೇಕು. ತಿಂಗಳೊಳಗೆ ಜ್ವರ ಬಂದರೆ ಇಲಿಯ ಸಂಪರ್ಕವಿತ್ತೆಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳಲಿ ಎಂದು ಕಾಯಬಾರದು.

ಪಂಜರದ ಸರಳುಗಳ ನಡುವೆ ಆರು ಮಿಲಿಮೀಟರ್ ಸಂದಿ ಇದ್ದರೂ ಎಳೆಯ ಇಲಿ ನುಸುಳುತ್ತದೆ, ಆದ್ದರಿಂದ ಗಾಜಿನ ಮೀನಿನ ತೊಟ್ಟಿಗೆ ಸಣ್ಣ ಕಣ್ಣಿನ ತಂತಿ ಬಲೆಯ ಮುಚ್ಚಳ ಹಾಕುವುದು ಸುರಕ್ಷಿತ. ಬಿಲ ತೋಡುವಷ್ಟು ದಪ್ಪಗೆ ಕಾಗದದ ಚೂರು, ಓಡಲು ಚಕ್ರ, ಅಡಗಲು ತೆಂಗಿನ ಕರಟ ಬೇಕು. ಗಂಡಿನ ಉಚ್ಚೆ ಘಾಟು ಹೊಡೆಯುತ್ತದೆ, ಎರಡು ಗಂಡುಗಳು ಕಾದಾಡುತ್ತವೆ, ಗಂಡು ಹೆಣ್ಣು ಜೊತೆಗಿದ್ದರೆ ಮೂರು ವಾರಕ್ಕೊಂದು ಸಂಸಾರ. ಅಂಗಡಿಯಲ್ಲಿ ಸಿಗುವ ಚಿಕ್ಕ ಬಿಳಿ ಇಲಿಯೂ ಮನೆಯ ಚಿಕ್ಕ ಇಲಿಯೂ ಒಂದೇ ಜಾತಿ, ಕೂಡಿಸಿದರೆ ಮರಿ ಹಾಕುತ್ತವೆ, ರೋಗವನ್ನೂ ಹಂಚಿಕೊಳ್ಳುತ್ತವೆ. ಹೊರಗೆ ಒಂದು ವರ್ಷ ಬದುಕುವುದೇ ಹೆಚ್ಚಾದ ಇಲಿ ಮನೆಯಲ್ಲಿ ಎರಡು ವರ್ಷ ಬಾಳಬಹುದು. ಅಷ್ಟು ಕಾಲ ಊರಿಗೆ ಹೋಗುವಾಗ ಯಾರಿಗೆ ಒಪ್ಪಿಸುವುದು ಎಂಬುದಕ್ಕೂ ಉತ್ತರವಿರಬೇಕು.

ಬಿಡುವವರು ಎಲ್ಲಿ ಬಿಡುವುದೆಂದು ತುಸು ಕಟುವಾಗಿಯೇ ಯೋಚಿಸಬೇಕು. ಬೋನಿಗೆ ಬಿದ್ದ ಇಲಿಯನ್ನು ಪಕ್ಕದ ಬೀದಿಯ ಚರಂಡಿಗೆ ಸುರಿದು ಬರುವುದು ಈ ಊರಿನ ಹಳೆಯ ಚಾಳಿ. ಅದು ಕಾಪಾಡುವುದಲ್ಲ, ತೊಂದರೆಯನ್ನು ಸಾಗಹಾಕುವುದು. ಲಾಲ್‌ಬಾಗು, ಕಬ್ಬನ್ ಪಾರ್ಕು, ತುರಹಳ್ಳಿ ಕಾಡು ಕೂಡ ಸಲ್ಲದು, ಏಕೆಂದರೆ ಮನೆಯ ಇಲಿ ಬದುಕುವುದು ಮನುಷ್ಯರ ಆಸುಪಾಸಿನಲ್ಲಿ; ಪರಿಚಯವಿಲ್ಲದ ಜಾಗದಲ್ಲಿ ಅದಕ್ಕೆ ಬಿಲವೂ ಗೊತ್ತಿಲ್ಲ, ಶತ್ರುವೂ ಗೊತ್ತಿಲ್ಲ. ಬೆಳೆದ ಇಲಿಯನ್ನು ಸಿಕ್ಕ ಜಾಗದ ಹತ್ತಿರದಲ್ಲೇ ಬಿಡಬೇಕು, ಆದರೆ ಅದಕ್ಕೂ ಮೊದಲು ಸಿಂಕಿನ ಪೈಪು, ಎಸಿ ಪೈಪು, ಗ್ಯಾಸ್ ಪೈಪುಗಳ ಸುತ್ತಲಿನ ತೂತುಗಳಿಗೆ ಉಕ್ಕಿನ ನಾರು ತುರುಕಿ ಸಿಮೆಂಟು ಬಳಿಯಬೇಕು. ಇಲ್ಲದಿದ್ದರೆ ಅದು ನಮಗಿಂತ ಮೊದಲೇ ಅಡುಗೆಮನೆಯಲ್ಲಿರುತ್ತದೆ.

ಕೈಯಾರೆ ಬೆಳೆಸಿದ ಮರಿಗೆ ತಿಳಿದ ಜಾಗವೆಂಬುದೇ ಇಲ್ಲವಾದ್ದರಿಂದ ಅದನ್ನು ಹಂತಹಂತವಾಗಿ ಬಿಡಬೇಕು. ಪಾಷಾಣ ಇಡದ, ಮಾಲೀಕರು ಒಪ್ಪಿದ ತೋಟ ಅಥವಾ ಕೊಟ್ಟಿಗೆ ಇದಕ್ಕೆ ಹೊಂದುತ್ತದೆ. ಆನೇಕಲ್, ದೊಡ್ಡಬಳ್ಳಾಪುರದ ಕಡೆ ನೆಂಟರ ಜಮೀನಿದ್ದವರಿಗೆ ಇದು ಸುಲಭ. ಆದರೆ ಅವರ ಕಣಜಕ್ಕೆ ಇಲಿಯನ್ನು ಗುಟ್ಟಾಗಿ ಬಿಟ್ಟು ಬರಬಾರದು. ಸೆಪ್ಟೆಂಬರ್, ಅಕ್ಟೋಬರಿನ ಜೋರು ಮಳೆ ಬಿಲಗಳಿಗೆ ನೀರು ನುಗ್ಗಿಸುತ್ತದೆ, ಆದ್ದರಿಂದ ಆ ದಿನಗಳನ್ನು ತಪ್ಪಿಸಿ, ರಾಗಿ ಕೊಯ್ಲಿನ ನಂತರ ಕಾಳು ಉದುರಿರುವ, ಮಳೆಯಿಲ್ಲದ ಸಂಜೆಯನ್ನು ಆರಿಸಬೇಕು. ಹಳೆಯ ಗೂಡಿನ ಸಮೇತ ಡಬ್ಬಿಯನ್ನು ನಾಯಿ ಬೆಕ್ಕು ಮುಟ್ಟದ ಕಲ್ಲುರಾಶಿಯ ಸಂದಿಯಲ್ಲೋ ಪೊದೆಯ ಬುಡದಲ್ಲೋ ಇಟ್ಟು, ಬಾಗಿಲು ತೆರೆಯದೆ ಎರಡು ಮೂರು ರಾತ್ರಿ ಅಲ್ಲಿನ ಸದ್ದು ವಾಸನೆಗಳಿಗೆ ಒಗ್ಗಿಸಿ, ಆಮೇಲೆ ಕತ್ತಲಾದ ಮೇಲೆ ತೂತು ತೆರೆದು ಬರಬೇಕು. ಒಂದು ವಾರ ಅದೇ ಜಾಗದಲ್ಲಿ ದಿನಕ್ಕೊಂದು ಚಮಚೆ ಕಾಳು ಇಡುತ್ತಾ, ದಿನೇದಿನೇ ಕಡಿಮೆ ಮಾಡುತ್ತಾ ಹೋಗಬೇಕು. ಡಬ್ಬಿ ಖಾಲಿಯಾದದ್ದು ಖಚಿತವಾದ ಮೇಲೆ ಹಿಂದಕ್ಕೆ ತಂದು, ಒಳಗಿನ ಚಿಂದಿಯನ್ನು ಒಣಗಿದಂತೆಯೇ ಕೊಡವದೆ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿ, ಕೈಗವಸು ತೊಟ್ಟು ಎತ್ತಿ ಕಸಕ್ಕೆ ಹಾಕಬೇಕು.