ಜಿಂದೆರ್‌ನ ಹಸಿವಿನ ತಿಂಗಳುಗಳು

ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಮಳೆಯಾಶ್ರಿತ ರೈತನಿಗೆ ವರ್ಷಕ್ಕೆ ಒಂದೇ ಬೆಳೆ. ಜೂನ್ ಹೊತ್ತಿಗೆ ಮೊದಲ ಮಳೆ ಬಿದ್ದರೆ ಸಜ್ಜೆ ಬಿತ್ತನೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಕೊಯ್ಲು. ನಡುವಿನ ತಿಂಗಳುಗಳಲ್ಲಿ ಕಣಜ ಬರಿದಾಗಿರುತ್ತದೆ, ಹೊಲದ ಕೆಲಸ ಮೈ ಹಿಂಡುತ್ತಿರುತ್ತದೆ, ಸಾಲದ್ದಕ್ಕೆ ಮಲೇರಿಯಾ ಮತ್ತು ವಾಂತಿಭೇದಿ. ಬರ ಎಂದರೆ ಬಿರುಕು ಬಿಟ್ಟ ನೆಲ ಎಂದುಕೊಂಡು ಬಂದವರಿಗೆ, ಕಣ್ಣು ಹಾಯುವಷ್ಟು ದೂರ ಹಸಿರಾಗಿರುವ ಹೊಲಗಳ ನಡುವೆ ಮಕ್ಕಳು ಸೊರಗುವುದು ವಿಚಿತ್ರವಾಗಿ ಕಾಣುತ್ತದೆ. ರಾಯಚೂರು ಕಡೆಯ ಪೌಷ್ಟಿಕ ಪುನಶ್ಚೇತನ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದ ನಾನು ಜಿಂದೆರ್ ಪ್ರಾಂತ್ಯಕ್ಕೆ ಹೋದದ್ದು ಇಂಥ ತಿಂಗಳುಗಳಲ್ಲೇ, ಒಂದು ವೈದ್ಯಕೀಯ ನೆರವು ಸಂಸ್ಥೆಯ ಮೂಲಕ.

ಮಳೆ ಕೈಕೊಟ್ಟರೆ ಹಸಿವು ಎಂಬ ಲೆಕ್ಕ ಅಲ್ಲಿ ಅಷ್ಟು ಸರಳವಲ್ಲ. 2004ರಲ್ಲಿ ಬರವೂ ಬಂತು, ಮಿಡತೆಯೂ ಎರಗಿತು. ಆದರೂ ಧಾನ್ಯದ ಕೊರತೆ ದೇಶದ ಒಟ್ಟು ಅಗತ್ಯದ ಹತ್ತನೇ ಒಂದು ಪಾಲಿಗಿಂತ ಕಡಿಮೆಯೇ ಇತ್ತು. ಮರುವರ್ಷ ಚಿಕಿತ್ಸಾ ಕೇಂದ್ರಗಳು ತುಂಬಿದ್ದು ಮಾತ್ರ ಧಾನ್ಯಕ್ಕೆ ಹೆಸರಾದ ಮರಾದಿ ಪ್ರಾಂತ್ಯದಲ್ಲಿ. ರೈತ ಸುಗ್ಗಿಯಲ್ಲಿ ಸಾಲ ತೀರಿಸಲು ಅಗ್ಗಕ್ಕೆ ಮಾರಿದ ಸಜ್ಜೆಯನ್ನೇ ಜುಲೈನಲ್ಲಿ ದುಬಾರಿ ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ. ಗಡಿಯಾಚೆ, ನೈಜೀರಿಯಾದಲ್ಲಿ ಬೆಲೆ ಏರಿದರೆ ಇಲ್ಲಿನ ಚೀಲಗಳು ಅತ್ತ ಹರಿಯುತ್ತವೆ. ಸರ್ಕಾರ ಮೊದಲಿಗೆ ರಿಯಾಯಿತಿ ದರದಲ್ಲಿ ಧಾನ್ಯ ಮಾರಿತು. ಕೈಯಲ್ಲಿ ಕಾಸೇ ಇಲ್ಲದವರಿಗೆ ರಿಯಾಯಿತಿಯಿಂದ ಏನು ಬಂತು? ಆ ವರ್ಷ ‘ಗಡಿಗಳಿಲ್ಲದ ವೈದ್ಯರು’ (ಎಂಎಸ್‌ಎಫ್) ಸಂಸ್ಥೆಯ ತಂಡಗಳು 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟವು. ಬಹುಪಾಲು ಮಕ್ಕಳು ಆಸ್ಪತ್ರೆ ಸೇರದೆ ಮನೆಯಲ್ಲಿದ್ದುಕೊಂಡೇ ಚೇತರಿಸಿಕೊಂಡರು.

ಅದು ಸಾಧ್ಯವಾದದ್ದು ಒಂದು ಪೊಟ್ಟಣದಿಂದ. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜಗಳು: 92 ಗ್ರಾಂ, 500 ಕಿಲೊಕ್ಯಾಲರಿ. ಹೆಸರು ಪ್ಲಂಪಿನಟ್, ನಮ್ಮ ಶೇಂಗಾ ಹೋಳಿಗೆಯ ಹೂರಣವನ್ನು ತೆಳ್ಳಗೆ ಮಾಡಿದಂತಿರುತ್ತದೆ. ನೀರು ಬೆರೆಸುವಂತಿಲ್ಲ, ಬೇಯಿಸುವಂತಿಲ್ಲ. ನೀರಿನಂಶವಿಲ್ಲದ ಕಾರಣ ಆ ಸುಡುಬಿಸಿಲಲ್ಲೂ ಕೆಡುವುದಿಲ್ಲ. ಈಗ ರಾಜಧಾನಿ ನಿಯಾಮೆಯ ಕಾರ್ಖಾನೆಯಲ್ಲೂ ತಯಾರಾಗುತ್ತದೆ.

ವಾರಕ್ಕೊಮ್ಮೆ ಆರೋಗ್ಯ ಕೇಂದ್ರದ ಬೇವಿನ ಮರದಡಿ ತಾಯಂದಿರು ಸೇರುತ್ತಿದ್ದರು. ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳತೆ ನೋಡುವುದು ಮೊದಲ ಕೆಲಸ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೆಂಪು, 125ರವರೆಗೆ ಹಳದಿ, ಅದರ ಮೇಲೆ ಹಸಿರು. ಆಮೇಲೆ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಹಿಡಿಯುತ್ತಿದ್ದೆ. ಒತ್ತಿದಲ್ಲಿ ಗುಳಿ ಉಳಿದರೆ ಅದು ತೀವ್ರ ಅಪೌಷ್ಟಿಕತೆಯ ಬಾವು. ಇಂಥ ಮಗು ಹೊರನೋಟಕ್ಕೆ ದುಂಡಗೆ ಕಾಣುವುದರಿಂದ ಸಾಲಿನಲ್ಲಿ ತಪ್ಪಿಹೋಗುವ ಅಪಾಯ ಹೆಚ್ಚು.

ನನ್ನ ಮಟ್ಟಿಗೆ ಇಡೀ ದಿನದ ಮುಖ್ಯ ಕೆಲಸವೆಂದರೆ ಹಸಿವಿನ ಪರೀಕ್ಷೆ. ತಾಯಿ ಕೈ ತೊಳೆದು ಪೊಟ್ಟಣವನ್ನು ಅಂಗೈಯಲ್ಲಿ ಚೆನ್ನಾಗಿ ಹಿಸುಕಿ, ಮೂಲೆ ಹರಿದು, ಬೆರಳಿಗೆ ಒಂದಿಷ್ಟು ಹಿಂಡಿ ಮಗುವಿನ ತುಟಿಗೆ ಸವರುತ್ತಾಳೆ. ಮಗು ಮುಖ ತಿರುಗಿಸುತ್ತದೆ. ನನ್ನ ಬಿಳಿ ಕೋಟು ಕಂಡೇ ಅರ್ಧ ಮಕ್ಕಳು ಬಾಯಿ ಬಿಗಿಯುತ್ತಿದ್ದವು, ಹಾಗಾಗಿ ಕೋಟು ಕಳಚಿಟ್ಟು ದೂರ ಕೂರುತ್ತಿದ್ದೆ. ಲೋಟದಲ್ಲಿ ಶುದ್ಧ ನೀರು, ಮತ್ತೆ ಒಂದು ಬೆರಳು. ಆತುರ ಮಾಡಬಾರದು. ಚೆನ್ನಾಗಿ ತಿಂದ ಮಗುವಿಗೆ ವಾರದ ಪಡಿ ಕೊಟ್ಟು ಮನೆಗೆ ಕಳಿಸಬಹುದು. ಎಷ್ಟು ಹೊತ್ತಾದರೂ ತಿನ್ನದ ಮಗುವಿನ ಒಳಗೆ ಸೋಂಕೋ ಮತ್ತೊಂದೋ ಇದೆ ಎಂದರ್ಥ. ಅದನ್ನು ಒಳರೋಗಿಯಾಗಿ ಸೇರಿಸಿ, ಎಫ್-75 ಎಂಬ ತೆಳು ಹಾಲಿನಿಂದ ಶುರು ಮಾಡಬೇಕು.

ಇಷ್ಟನ್ನು ಯಾವ ತರಬೇತಿಯೂ ಕಲಿಸುತ್ತದೆ. ಸವಾಲಿದ್ದದ್ದು ಎರಡನೇ ವಾರದಿಂದ. ತೂಕ ಏರದ ಮಕ್ಕಳ ಮನೆಗಳಿಗೆ ಹೋಗಿ ನೋಡಿದೆವು. ಸಜ್ಜೆ ಹಿಟ್ಟಿನ ಉಂಡೆಯನ್ನು ಬೇಯಿಸಿ ಹುಳಿಹಾಲಿನಲ್ಲಿ ಕಿವುಚಿ ಕುಡಿಯುವುದು ಹೌಸಾ ಜನರ ನಿತ್ಯದ ಊಟ, ಅದಕ್ಕೆ ಫುರಾ ಎನ್ನುತ್ತಾರೆ. ಆಗಸ್ಟ್‌ನಲ್ಲಿ ಸೋರೆಬುರುಡೆಯೊಳಗೆ ಹಾಲೇ ಇರಲಿಲ್ಲ, ಬರೀ ನೀರು, ಅದರ ಮೇಲೆ ಒಂದಿಷ್ಟು ಹಿಟ್ಟು. ಸುತ್ತ ಕೂತ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಸಿಹಿ ಪೊಟ್ಟಣ ಕೊಡಬೇಕೆಂದರೆ ಯಾವ ತಾಯಿಯ ಕೈ ಬಂದೀತು? ಖಾಲಿ ಪೊಟ್ಟಣ ಎಣಿಸಿ ತಾಯಿಯನ್ನು ಗದರುವ ಪದ್ಧತಿ ನನಗೆ ಎಂದೂ ಸರಿಕಂಡಿಲ್ಲ. ಎಣಿಕೆ ಸರಿಹೋಗುತ್ತದೆ, ಮಗು ಸರಿಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಚಿಕಿತ್ಸೆಯಲ್ಲಿದ್ದ ಮಗುವಿನ ಮನೆಗೂ ಧಾನ್ಯ, ಬೇಳೆ, ಎಣ್ಣೆಯ ಪಡಿ ಕೊಡಬೇಕೆಂದು ಹಟ ಹಿಡಿದು ಬರೆದೆ. ಪಡಿ ಬಂದ ಮೇಲೆ ಪೊಟ್ಟಣ ಸೇರಬೇಕಾದ ಬಾಯಿ ಸೇರತೊಡಗಿತು.

ಇನ್ನು ತಾಯಿಯ ಸಮಯ. ಕಳೆ ಕೀಳುವ ಹೊತ್ತಿನಲ್ಲಿ ಒಂದು ಇಡೀ ದಿನ ನಮ್ಮ ಮರದಡಿ ಕೂತರೆ ಅವಳ ಹೊಲ ಹಾಳಾಗುತ್ತದೆ. ಗಂಡ ದುಡಿಯಲು ನೈಜೀರಿಯಾಕ್ಕೋ ಲಿಬಿಯಾಕ್ಕೋ ಹೋಗಿರುತ್ತಾನೆ, ಅನುಮತಿ ಕೊಡುವವಳು ಅತ್ತೆ. (ಈ ವಿಷಯದಲ್ಲಿ ನನಗೆ ರಾಯಚೂರಿನ ಅನುಭವ ಸಾಕಷ್ಟಿತ್ತು.) ಆದ್ದರಿಂದ ‘ಮೈ ಗಾರಿ’ ಎಂದು ಕರೆಯುವ ಊರ ಮುಖ್ಯಸ್ಥನ ಅಂಗಳದಲ್ಲಿ ಮೊದಲು ಅಜ್ಜಿಯಂದಿರನ್ನೇ ಕೂರಿಸಿ ಮಾತನಾಡಿದೆವು. ವಿತರಣೆಯ ದಿನವನ್ನು ಸಂತೆಯ ದಿನಕ್ಕೆ ಬದಲಿಸಿದೆವು, ಆ ದಿನ ಕತ್ತೆಗಾಡಿಗಳು ಹೇಗೂ ಇತ್ತ ಬರುತ್ತವೆ. ಮಳೆಗೆ ಹಳ್ಳ ತುಂಬಿ ದಾರಿ ಕಡಿಯುವ ಊರುಗಳಿಗೆ, ಮಗುವಿನ ಸ್ಥಿತಿ ಸ್ಥಿರವಾಗಿದ್ದರೆ, ಎರಡು ವಾರದ ಪಡಿ ಒಟ್ಟಿಗೆ ಕೊಟ್ಟೆವು. ನಡುವೆ ಬಿಟ್ಟುಹೋಗುವವರು ಕಡಿಮೆಯಾದರು.

ತೋಳಿನ ಪಟ್ಟಿಯನ್ನು ತಾಯಂದಿರ ಕೈಗೇ ಕೊಡುವ ಕ್ರಮ ಇದೇ ಪ್ರಾಂತ್ಯದ ಮಿರ್ರಿಯಾದಲ್ಲಿ ಪ್ರಯೋಗವಾಗಿ, ಅದರ ಫಲಿತಾಂಶ 2015ರಲ್ಲಿ ಪ್ರಕಟವಾಗಿತ್ತು. ತಾಯಂದಿರ ಅಳತೆ ತರಬೇತಿ ಪಡೆದ ಕಾರ್ಯಕರ್ತೆಯರ ಅಳತೆಗೆ ಸರಿಸಾಟಿಯಾಗಿತ್ತು. ಕೆಂಪು, ಹಳದಿ, ಹಸಿರು ಓದಲು ಅಕ್ಷರ ಬೇಕಿಲ್ಲ. ತೋಳಿನ ನಟ್ಟನಡುವನ್ನು ಗುರುತು ಹಾಕಿ ಹುಡುಕಬೇಕಿಲ್ಲ, ಕಣ್ಣಂದಾಜು ಸಾಕು. ಪಟ್ಟಿ ಚರ್ಮಕ್ಕೆ ತಾಗಬೇಕು, ಚರ್ಮ ಸುಕ್ಕಾಗಬಾರದು. ಪಾದ ಒತ್ತಿ ನೋಡುವುದನ್ನೂ ಜೊತೆಗೇ ಕಲಿಸಿದೆವು. ಹಾಗೆ ಕಲಿತವರು ಮಗುವನ್ನು ಎತ್ತಿ ತರುತ್ತಿದ್ದದ್ದು ಪಟ್ಟಿ ಆಗತಾನೆ ಕೆಂಪಿಗೆ ಇಳಿದಾಗ. ಹೀಗಾಗಿ ಆಸ್ಪತ್ರೆ ಸೇರಿಸಬೇಕಾದಷ್ಟು ಹದಗೆಟ್ಟ ಮಕ್ಕಳು ಆ ಊರುಗಳಿಂದ ಅಪರೂಪವಾದರು. ಪಟ್ಟಿ ಹರಿಯುತ್ತದೆ, ಮಕ್ಕಳ ಆಟಿಕೆಯಾಗುತ್ತದೆ, ಕಳೆಯುತ್ತದೆ. ಅದಕ್ಕೆ ಲಸಿಕೆಯ ದಿನವೇ ಹೊಸದು ಕೊಡುವ ಏರ್ಪಾಡು ಮಾಡಿಕೊಂಡಿದ್ದೆವು.