ಫ್ಯಾಂಟಮ್ ವೇಗಕ್ಕೆ ಕೈ ಒಗ್ಗಿಸಿಕೊಂಡ ಬಗೆ

ವೈಪ್‌ಔಟ್ ಒಮೆಗಾ ಕಲೆಕ್ಷನ್ ಎಂಬ ರೇಸ್ ವಿಡಿಯೊ ಗೇಮ್ ಹಿಡಿದವರಲ್ಲಿ ಹೆಚ್ಚಿನವರು ಎರಡು ಮೂರು ಸಂಜೆ ಆಡಿ ಬಿಟ್ಟುಬಿಡುತ್ತಾರೆ. ಚಿಕ್ಕಮಗಳೂರಿನ ನನ್ನ ಗೆಳೆಯರ ಬಳಗದಲ್ಲೇ ಇದನ್ನು ನೋಡಿದ್ದೇನೆ. "ಗೋಡೆಗೆ ಬಡಿಯೋದೇ ಆಯ್ತಲ್ಲ ಮಾರಾಯ" ಅಂತ ಕಂಟ್ರೋಲರ್ ಕೆಳಗಿಟ್ಟು ಕ್ರಿಕೆಟ್ ಗೇಮ್ ಹಾಕುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಮೊದಮೊದಲು ಬಡಿಯುವುದೇ ಹೆಚ್ಚು. ಆದರೆ ಈ ಗೇಮ್‌ನ ಕಷ್ಟದಲ್ಲಿ ಮೋಸವಿಲ್ಲ. ಟ್ರ್ಯಾಕ್ ಒಂದಿಂಚೂ ಬದಲಾಗುವುದಿಲ್ಲ, ತಿರುವು ನಿನ್ನೆ ಇದ್ದಲ್ಲೇ ಇಂದೂ ಇರುತ್ತದೆ. ಬದಲಾಗುವುದು ವೇಗ ಮಾತ್ರ. ವೇಗ ಬದಲಾದ ಕೂಡಲೇ ಅದೇ ತಿರುವು ಹೊಸದಾಗಿ ಕಲಿಯಬೇಕಾದ ತಿರುವಾಗುತ್ತದೆ. ವರ್ಷಗಳಿಂದ ಆಡಿದರೂ ನನಗೆ ಇದು ಹಳತಾಗದಿರುವುದಕ್ಕೆ ಕಾರಣ ಇಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲ ವೈಪ್‌ಔಟ್ ಬಂದದ್ದು 1995ರಲ್ಲಿ, ಪ್ಲೇಸ್ಟೇಷನ್‌ಗೆ. ಮಾಡಿದವರು ಬ್ರಿಟನ್ನಿನ ಲಿವರ್‌ಪೂಲ್‌ನ ಸಿಗ್ನೋಸಿಸ್ ಸಂಸ್ಥೆಯವರು. ಚಕ್ರಗಳಿಲ್ಲದ, ನೆಲದಿಂದ ಮೇಲೆ ತೇಲುತ್ತಾ ಓಡುವ ನೌಕೆಗಳ ರೇಸ್ ಅದು. 2008ರಲ್ಲಿ ವೈಪ್‌ಔಟ್ ಎಚ್‌ಡಿ, ಮರುವರ್ಷ ಅದಕ್ಕೆ ಫ್ಯೂರಿ ಎಂಬ ಸೇರ್ಪಡೆ, 2012ರಲ್ಲಿ ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ವೀಟಾಗೆ ವೈಪ್‌ಔಟ್ 2048 ಬಂದವು. ಆ ವರ್ಷವೇ ಸ್ಟುಡಿಯೊ ಬಾಗಿಲು ಮುಚ್ಚಿತು. ಈ ಮೂರನ್ನೂ ಸೇರಿಸಿ 2017ರಲ್ಲಿ ಪಿಎಸ್4ಗೆ ತಂದದ್ದೇ ಒಮೆಗಾ ಕಲೆಕ್ಷನ್. 26 ಟ್ರ್ಯಾಕ್, 46 ನೌಕೆ. ನಾನು ಆಡುವುದು ಹೆಚ್ಚಾಗಿ ಎಚ್‌ಡಿ ಮತ್ತು ಫ್ಯೂರಿ ಭಾಗ. ಅಲ್ಲಿ ವೇಗದ ದರ್ಜೆಗಳು ನಾಲ್ಕು, ನಿಧಾನದ್ದರಿಂದ ಅತಿ ವೇಗದ್ದಕ್ಕೆ: ವೆನಮ್, ಫ್ಲ್ಯಾಶ್, ರೇಪಿಯರ್, ಫ್ಯಾಂಟಮ್.

ಕೈ ಪಳಗಿಸುವ ಮೊದಲು ಟಿವಿ ಸರಿಮಾಡಿಕೊಳ್ಳಬೇಕು. ಇದನ್ನು ಯಾರೂ ಮೊದಲಿಗೆ ಹೇಳುವುದಿಲ್ಲ. ಈ ಗೇಮ್ ಸೆಕೆಂಡಿಗೆ 60 ಫ್ರೇಮ್ ತೋರಿಸುತ್ತದೆ, ಅಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಟಿವಿಯವರು ಚಿತ್ರ ಚೆಂದ ಕಾಣಲಿ ಅಂತ ನಾನಾ ಸಂಸ್ಕರಣೆ ಮಾಡುತ್ತಾರೆ, ಅದರಿಂದ ನಾವು ಒತ್ತಿದ್ದು ತೆರೆಗೆ ಬರುವುದು ತಡವಾಗುತ್ತದೆ. ತಡ 100 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ, ನೌಕೆ ಗಂಟೆಗೆ 600 ಕಿ.ಮೀ. ಓಡುತ್ತಿದೆ ಎಂದೂ ಇಟ್ಟುಕೊಳ್ಳಿ. ಅಷ್ಟರೊಳಗೆ ಅದು 16 ಮೀಟರ್‌ಗಿಂತ ಮುಂದೆ ಹೋಗಿರುತ್ತದೆ. ನಾನು ತಿರುಗಿಸಿದ್ದು ಸರಿಯಾದ ಜಾಗದಲ್ಲೇ, ಆದರೆ ಕಣ್ಣಿಗೆ ಕಂಡ ಜಾಗ ಆಗಲೇ ಹಿಂದೆ ಬಿದ್ದಿದೆ! ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಈ ತಡದ ಬಹುಪಾಲು ಹೋಗುತ್ತದೆ. ಗೆಳೆಯರೊಬ್ಬರ ಮನೆಯಲ್ಲಿ ಇದೊಂದನ್ನೇ ಬದಲಿಸಿಕೊಟ್ಟೆ. "ನಿಂಗೆ ಯಾಕೆ ಬರುತ್ತೆ, ನಂಗೆ ಯಾಕೆ ಬರಲ್ಲ" ಎನ್ನುತ್ತಿದ್ದವರು ಆ ಸಂಜೆಯೇ ಫ್ಲ್ಯಾಶ್ ದರ್ಜೆಯಲ್ಲಿ ಪದಕ ತೆಗೆದರು.

ಎರಡನೆಯದು ನೌಕೆ. ಕಲಿಯುವಾಗ ಒಂದೇ ನೌಕೆಗೆ ಅಂಟಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಕಾರಸ್‌ಗೆ ಭಾರೀ ವೇಗವಿದೆ, ಕವಚ ತೀರಾ ದುರ್ಬಲ. ಟ್ರಯಾಕಿಸ್ ಎಷ್ಟು ಪೆಟ್ಟಾದರೂ ತಿನ್ನುತ್ತದೆ, ಆದರೆ ಮೈ ಭಾರ. ನಾನು ಹಿಡಿದದ್ದು ಫೈಸರ್. ಗರಿಷ್ಠ ವೇಗ ಕಡಿಮೆ ಅಂತ ಅನುಭವಿಗಳು ಅದನ್ನು ಮೂಲೆಗೆ ಸರಿಸುತ್ತಾರೆ, ಆದರೆ ಹೇಳಿದ ಮಾತು ಕೇಳುವ ನೌಕೆ ಅದು. ಅದರಲ್ಲಿ ಗೆರೆ, ಅಂದರೆ ತಿರುವುಗಳಲ್ಲಿ ನೌಕೆ ಹಿಡಿಯಬೇಕಾದ ದಾರಿ, ಕಲಿತ ಮೇಲೆ ಬೇರೆಯದಕ್ಕೆ ಹೋದರೆ ಬದಲಾದದ್ದು ನೌಕೆಯೋ ನಮ್ಮ ಕೈಯೋ ಅಂತ ತಿಳಿಯುತ್ತದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮೂರು ರ‍್ಯಾಲಿಯ ಊರು. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಇಲ್ಲಿ ನಡೆದಿದೆ. ಆ ಪಟ್ಟವನ್ನು ಮೂರು ಸಲ ಗೆದ್ದ ಗೌರವ್ ಗಿಲ್ ಇಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಯಲ್ಲಿ ಕಾರು ಓಡಿಸಿದ್ದಾರೆ. ತೋಟದ ಬೇಲಿ ಪಕ್ಕ ನಿಂತು ರ‍್ಯಾಲಿ ನೋಡಿ ಬೆಳೆದವರಿಗೆ ಪೇಸ್ ನೋಟ್ಸ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ರೇಸಿಗೆ ಮುಂಚೆ ಚಾಲಕ, ನ್ಯಾವಿಗೇಟರ್ ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಎಡವೋ ಬಲವೋ, ಎಷ್ಟು ಚೂಪು, ಮುಂದೆ ದಿಬ್ಬ ಇದೆಯೋ, ತಿರುವು ಬಿಚ್ಚಿಕೊಳ್ಳುತ್ತದೋ ಬಿಗಿಯಾಗುತ್ತದೋ, ಎಲ್ಲವನ್ನೂ. ಓಡಿಸುವಾಗ ಚಾಲಕ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ ಓಡಿಸುವುದಿಲ್ಲ, ನ್ಯಾವಿಗೇಟರ್ ಆ ನೋಟ್ಸ್ ಓದಿ ಹೇಳಿ ಕಿವಿಗೆ ಬಿದ್ದದ್ದನ್ನು ನಂಬಿ ಓಡಿಸುತ್ತಾನೆ. ಫ್ಯಾಂಟಮ್ ದರ್ಜೆಗೆ ಬೇಕಾದದ್ದೂ ಇದೇ. ಅಲ್ಲಿ ತಿರುವು ಕಂಡ ಮೇಲೆ ತಿರುಗಿಸಿದರೆ ಹೊತ್ತು ಮೀರಿರುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಟೈಮ್ ಟ್ರಯಲ್‌ನಲ್ಲಿ, ಎದುರಾಳಿಗಳೂ ಆಯುಧಗಳೂ ಇಲ್ಲದೆ, ವೆನಮ್ ವೇಗದಲ್ಲಿ ಟ್ರ್ಯಾಕ್ ಸುತ್ತಿ ಪ್ರತಿ ತಿರುವನ್ನೂ ಬರೆದೆ. ತಿರುವಿನ ಹೆಸರಿನ ಬದಲು ಗುರುತು ಬರೆಯುತ್ತಿದ್ದೆ: ಜಾಹೀರಾತು ಫಲಕದ ಅಂಚು, ಸುರಂಗದ ಬಾಯಿ, ಮೇಲೆ ಹಾದರೆ ವೇಗ ಹೆಚ್ಚಿಸುವ ಬೂಸ್ಟ್ ಪ್ಯಾಡ್ ಮುಗಿಯುವ ಜಾಗ. ಅದರ ಮುಂದೆ ಬೆರಳಿಗೆ ಆಜ್ಞೆ: "ಒತ್ತು", "ಬಿಡು", "ಮೂಗೆತ್ತು", "ಕಾಯಿ". ಪಿಎಸ್4 ಕೊನೆಯ 15 ನಿಮಿಷದ ಆಟವನ್ನು ತಾನಾಗಿಯೇ ರೆಕಾರ್ಡ್ ಮಾಡಿಕೊಂಡಿರುತ್ತದೆ. ಶೇರ್ ಬಟನ್ ಒತ್ತಿ ಆ ವಿಡಿಯೊ ಉಳಿಸಿಕೊಂಡು, ಊಟ ಆದ ಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ಗೋಡೆ ತಾಗಿದ್ದು ತಿರುವಿನ ಕೊನೆಯಲ್ಲಿ ಅಂತ ಆಡುವಾಗ ಅನ್ನಿಸುತ್ತದೆ. ವಿಡಿಯೊ ನೋಡಿದರೆ ಎಡವಟ್ಟು ಶುರುವಾದದ್ದು ಅದರ ಹಿಂದಿನ ತಿರುವಿನಿಂದ ಹೊರಬಿದ್ದ ಕೋನದಲ್ಲಿ.

ಒಂದೇ ತಿರುವಿಗೆ ನಾಲ್ಕು ದರ್ಜೆಗಳಲ್ಲಿ ನಾನು ಬರೆದುಕೊಂಡದ್ದನ್ನು ಇಲ್ಲಿ ಹೇಳಿದರೆ ಕಷ್ಟ ಎಲ್ಲಿದೆ ಎಂಬುದು ಅರ್ಥವಾದೀತು. ಒಂದು ಚೂಪು ಬಲ ತಿರುವು ಎಂದುಕೊಳ್ಳಿ. ಏರ್‌ಬ್ರೇಕ್ ಎಂದರೆ ನೌಕೆಯ ಎಡಕ್ಕೊಂದು ಬಲಕ್ಕೊಂದು ಇರುವ ಬ್ರೇಕ್, ಒತ್ತಿದ ಬದಿಗೆ ನೌಕೆ ಬಿಗಿಯಾಗಿ ತಿರುಗುತ್ತದೆ. ವೆನಮ್‌ನಲ್ಲಿ: ವೇಗ ಬಿಡಬೇಡ, ಸ್ಟಿಕ್ ತಿರುಗಿಸಿದರೆ ಸಾಕು, ಬಲ ಏರ್‌ಬ್ರೇಕ್ ಸುಮ್ಮನೆ ಮುಟ್ಟು. ಫ್ಲ್ಯಾಶ್‌ನಲ್ಲಿ: ಬಲ ಏರ್‌ಬ್ರೇಕ್ ಒತ್ತಿ ಹಿಡಿ, ತಿರುವಿನ ಒಳಮೈ ಕಂಡ ಕೂಡಲೇ ಬಿಡು. ರೇಪಿಯರ್‌ನಲ್ಲಿ: ಫಲಕದ ಅಂಚಿಗೇ ಒತ್ತು, ತಿರುವು ಇನ್ನೂ ಕಾಣುತ್ತಿರುವುದಿಲ್ಲ, ಹಿಂಭಾಗ ಹೊರಗೆ ಜಾರುತ್ತದೆ, ಎದುರು ಬದಿಯ ಬ್ರೇಕ್ ಒಮ್ಮೆ ತಟ್ಟಿ ನೆಟ್ಟಗೆ ಮಾಡು. ಫ್ಯಾಂಟಮ್‌ನಲ್ಲಿ ಹಿಂದಿನ ತಿರುವಿನಿಂದಲೇ ಬರೆಯಬೇಕಾಯಿತು: ಎಡಗೋಡೆಗೆ ಹತ್ತಿರವಾಗಿ ಹೊರಬಾ, ಫಲಕಕ್ಕೆ ಮುಂಚೆಯೇ ಆಕ್ಸಲರೇಟರ್ ಒಂದು ಕ್ಷಣ ಬಿಡು, ಬಲ ಏರ್‌ಬ್ರೇಕ್ ಎರಡು ಸಲ ತಟ್ಟಿ ಸೈಡ್‌ಶಿಫ್ಟ್ (ಪಕ್ಕಕ್ಕೆ ಥಟ್ಟನೆ ಸರಿಯುವುದು) ಹೊಡೆ, ಹಿಡಿ, ಬಿಡುವಾಗಲೇ ಮತ್ತೆ ವೇಗ. ತಿರುವು ಅದೇ, ಗೋಡೆ ಅದೇ. ಬೆರಳುಗಳ ಕೆಲಸದಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಕೆಳಗಿನ ದರ್ಜೆಯಲ್ಲಿ ಚಿನ್ನ ತೆಗೆದವನು ಮೇಲಿನ ದರ್ಜೆಗೆ ಹೊಸಬನಾಗಿಯೇ ಹೋಗುತ್ತಾನೆ, ಇದರಿಂದ ಯಾರೂ ಎದೆಗುಂದಬೇಕಾಗಿಲ್ಲ.

ಮೂಗಿನ ವಿಚಾರವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಸ್ಟಿಕ್ ಹಿಂದೆಳೆದರೆ ನೌಕೆ ಮೂಗೆತ್ತುತ್ತದೆ, ಮುಂದೆ ತಳ್ಳಿದರೆ ತಗ್ಗಿಸುತ್ತದೆ. ಏರು ಶುರುವಾಗುವಲ್ಲಿ ಎತ್ತದಿದ್ದರೆ ಹೊಟ್ಟೆ ನೆಲಕ್ಕೆ ಉಜ್ಜಿ ವೇಗ ಸೋರಿಹೋಗುತ್ತದೆ. ಸೆಬೆಂಕೋ ಕ್ಲೈಂಬ್‌ನಂಥ ಏರಿಳಿತದ ಟ್ರ್ಯಾಕ್‌ನಲ್ಲಿ ತಿರುವುಗಳಷ್ಟೇ ಸಮಯವನ್ನು ಈ ಏರಿಳಿತ ತಿನ್ನುತ್ತದೆ. ಗೋಡೆಗೆ ಬಡಿದರೆ ಸದ್ದಾಗುತ್ತದೆ, ಗೊತ್ತಾಗುತ್ತದೆ. ಹೊಟ್ಟೆ ಉಜ್ಜಿದ್ದು ಸಮಯ ನೋಡಿದಾಗಲೇ ತಿಳಿಯುವುದು.

ಅದಾದ ಮೇಲೆ ಬ್ಯಾರೆಲ್ ರೋಲ್. ನೌಕೆ ಗಾಳಿಯಲ್ಲಿರುವಾಗ ಸ್ಟಿಕ್ಕನ್ನು ಎಡ-ಬಲ-ಎಡ ಎಂದು ಬೇಗ ಆಡಿಸಿದರೆ ಅದು ಮಗುಚಿ ಸುತ್ತುತ್ತದೆ, ಇಳಿದ ಕೂಡಲೇ ಬೂಸ್ಟ್ ಸಿಗುತ್ತದೆ. ಆದರೆ ಆ ಬೂಸ್ಟ್‌ಗೆ ನಮ್ಮದೇ ಕವಚದ ಶಕ್ತಿ ಖರ್ಚಾಗುತ್ತದೆ. ಕವಚ ಬರಿದಾಗಿದ್ದಾಗ ಒಂದು ಪೆಟ್ಟು ಬಿದ್ದರೆ ರೇಸೇ ಮುಗಿಯಿತು. ಮರಳಿ ತುಂಬಿಕೊಳ್ಳಬೇಕಾದರೆ ಸಿಕ್ಕ ಆಯುಧವನ್ನು ಹೊಡೆಯದೆ ನುಂಗಿಕೊಳ್ಳಬೇಕು. ಹೀಗಾಗಿ ಪ್ರತಿ ಸುತ್ತಿನಲ್ಲೂ ಲೆಕ್ಕ ನಡೆಯುತ್ತಲೇ ಇರುತ್ತದೆ: ಈ ಮಿಸೈಲ್ ಮುಂದಿನವನ ಮೇಲೆ ಬಿಡಲೋ, ನುಂಗಿ ಮುಂದಿನ ಜಿಗಿತದಲ್ಲಿ ರೋಲ್ ಹೊಡೆಯಲೋ? ನಾನು ಬಹುತೇಕ ನುಂಗುವವನು. 2003ರಲ್ಲಿ ಗೇಮ್‌ಕ್ಯೂಬ್‌ಗೆ ಬಂದ ಎಫ್-ಝೀರೋ ಜಿಎಕ್ಸ್‌ನಲ್ಲೂ ಇದೇ ಲೆಕ್ಕವಿದೆ. ಅಲ್ಲಿ ಎರಡನೇ ಸುತ್ತಿನಿಂದ ಬೂಸ್ಟ್ ಸಿಗುತ್ತದೆ, ಅದಕ್ಕೂ ಪ್ರಾಣಕ್ಕೂ ಒಂದೇ ಶಕ್ತಿಪಟ್ಟಿ, 30 ವಾಹನಗಳ ನಡುವೆ. ಭವಿಷ್ಯದ ರೇಸ್ ಗೇಮ್‌ಗಳಲ್ಲಿ ಒಳ್ಳೆಯವು ಈ ಧೈರ್ಯದ ಲೆಕ್ಕವನ್ನು ಹೇಗಾದರೂ ಮಾಡಿ ಒಳಗೆ ತಂದಿರುತ್ತವೆ.

ನನಗೆ ಒಪ್ಪಿಗೆಯಾಗದ ಕಷ್ಟವೂ ಇಲ್ಲಿದೆ. ಎದುರಾಳಿಗಳಿಗೆ ನಾವಿಸ್, ಸ್ಕಿಲ್ಡ್, ಎಲೀಟ್ ಎಂಬ ಮೂರು ಮಟ್ಟಗಳಿವೆ. ಎಲೀಟ್‌ನಲ್ಲಿ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹಿಂದಿನಿಂದ ಕ್ವೇಕ್ (ಟ್ರ್ಯಾಕನ್ನೇ ಅಲೆಯಂತೆ ಎಬ್ಬಿಸುತ್ತಾ ಬರುವ ಆಯುಧ) ಬಂದರೆ, ಅಲ್ಲಿಯವರೆಗೆ ಎಷ್ಟು ಶುದ್ಧವಾಗಿ ಓಡಿಸಿದ್ದರೂ ಸ್ಥಾನ ಹೋಗುತ್ತದೆ. ಆಯುಧಗಳಂತೆಯೇ ದಾರಿಯಲ್ಲಿ ಸಿಗುವ ಶೀಲ್ಡ್ ಕೈಯಲ್ಲಿ ಉಳಿಸಿಕೊಂಡಿದ್ದರೆ ತಡೆಯಬಹುದು ನಿಜ, ಆದರೆ ಅದು ಸಿಗುವುದು ಅದೃಷ್ಟದ ಮಾತು. ಕಲಿಕೆಗೆ ಪ್ರತಿಫಲ ಕೊಡುವ ಗೇಮ್‌ನಲ್ಲಿ ಅದೃಷ್ಟದ ಪಾಲು ಇಷ್ಟು ಇರಬಾರದಿತ್ತು. ಅದಕ್ಕೇ ನನ್ನ ಹೆಚ್ಚಿನ ಹೊತ್ತು ಟೈಮ್ ಟ್ರಯಲ್ ಮತ್ತು ಸ್ಪೀಡ್ ಲ್ಯಾಪ್‌ನಲ್ಲಿ ಕಳೆಯುತ್ತದೆ. ಅಲ್ಲಿ ಗಡಿಯಾರವೊಂದೇ ಎದುರಾಳಿ, ಅದು ಹಿಂದಿನಿಂದ ಹೊಡೆಯುವುದಿಲ್ಲ.

ಝೋನ್ ಮೋಡ್ ಬಗ್ಗೆ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಅಲ್ಲಿ ಆಕ್ಸಲರೇಟರ್ ನಮ್ಮ ಕೈಯಲ್ಲಿಲ್ಲ. ನೌಕೆ ತಾನೇ ಓಡುತ್ತದೆ, ಹೊತ್ತು ಹೋದಂತೆ ವೇಗ ಏರುತ್ತಲೇ ಹೋಗುತ್ತದೆ, ಗೋಡೆ ತಾಗಿದಷ್ಟೂ ಶಕ್ತಿ ಇಳಿಯುತ್ತದೆ, ಮುಗಿಯುವುದು ನೌಕೆ ಸಿಡಿದಾಗಲೇ. ದಾರಿ ಬರೀ ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ, ಸಂಗೀತಕ್ಕೆ ಅದು ಮಿಡಿಯುತ್ತದೆ. ಮೊದಲ ಹಲವು ಝೋನ್‌ಗಳು ಎಷ್ಟು ನಿಧಾನವೆಂದರೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ಆ ಹೊತ್ತನ್ನೇ ನಾನು ಗೆರೆ ಹಿಡಿಯಲು ಬಳಸುತ್ತೇನೆ: ವೇಗ ಬೇಕಿಲ್ಲದಾಗಲೂ ಫ್ಯಾಂಟಮ್‌ನ ಗೆರೆಯಲ್ಲೇ ಓಡಿಸುವುದು. ನಾಲ್ಕು ದರ್ಜೆಗಳನ್ನೂ ಒಂದೇ ಕೂರಿಕೆಯಲ್ಲಿ ದಾಟಿಸುವ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರಿಲ್ಲ. ಮಳೆಗಾಲದಲ್ಲಿ ಮಾತ್ರ ಯುಪಿಎಸ್ ಇಲ್ಲದೆ ಇದಕ್ಕೆ ಕೂರಬೇಡಿ. ಮಲೆನಾಡಿನ ಜುಲೈ ಕರೆಂಟ್ ನಂಬಿ ಝೋನ್ ಓಡಿಸಿದರೆ ಎದೆ ಒಡೆಯುತ್ತದೆ. ಹೊಳೆಯುವ ಬೆಳಕು ಕಣ್ಣಿಗೆ ಹೊಡೆಯುವ ಮೋಡ್ ಇದು, ಮೂರ್ಛೆಯ ತೊಂದರೆ ಇರುವವರು ದಯವಿಟ್ಟು ಇದರಿಂದ ದೂರವಿರಿ.

ಮಕ್ಕಳಿಗೆ ಕೊಡಬಹುದೇ ಅಂತ ಕೇಳುತ್ತಾರೆ. ಕೊಡಬಹುದು. ಪೈಲಟ್ ಅಸಿಸ್ಟ್ ಹಾಕಿದರೆ ಗೋಡೆಯ ಹತ್ತಿರ ಹೋದಾಗ ನೌಕೆ ಮೆಲ್ಲಗೆ ದೂರ ಸರಿಯುತ್ತದೆ. ನನ್ನ ಮಗಳು ಹಾಗೆಯೇ ಶುರುಮಾಡಿದಳು. ವಿನೇಟಾ ಕೆ ಟ್ರ್ಯಾಕ್‌ನ ನೀರಿನೊಳಗಿನ ಗಾಜಿನ ಸುರಂಗ ಅವಳಿಗೆ ಪಂಚಪ್ರಾಣ. ಆದರೆ ವೆನಮ್‌ನಲ್ಲಿ ಕೈ ಕುದುರಿದ ಕೂಡಲೇ ಪೈಲಟ್ ಅಸಿಸ್ಟ್ ತೆಗೆಸಿದೆ. ಮೇಲಿನ ದರ್ಜೆಯಲ್ಲಿ ಗೋಡೆಗೆ ಅಂಗುಲ ದೂರದಲ್ಲಿ ಹೋಗಬೇಕಾದಾಗ ಅದೇ ಸಹಾಯ ನಮ್ಮನ್ನು ಗೆರೆಯಿಂದ ತಳ್ಳುತ್ತದೆ. ಈಗ ಇಬ್ಬರೂ ಸ್ಕ್ರೀನ್ ಅರ್ಧ ಮಾಡಿಕೊಂಡು ಆಡುತ್ತೇವೆ. ಫ್ಲ್ಯಾಶ್ ದರ್ಜೆಯಲ್ಲಿ ಅವಳು ಗೆಲ್ಲುವುದೇ ಹೆಚ್ಚು.

2017ರ ನಂತರ ಕನ್ಸೋಲ್‌ಗೆ ಹೊಸ ವೈಪ್‌ಔಟ್ ಬರಲಿಲ್ಲ, ಅದು ನನಗೆ ನಿಜವಾದ ನೋವು. ಆದರೂ ಇರುವುದೇ ಮುಗಿಯುತ್ತಿಲ್ಲ. ಎಚ್‌ಡಿಯ ಟ್ರ್ಯಾಕ್‌ಗಳನ್ನು ಹಿಮ್ಮುಖವಾಗಿಯೂ ಓಡಿಸಬಹುದು, ಈಗ ಕೂತಿರುವುದು ಅದಕ್ಕೇ. ಹಳೆಯ ನೋಟ್ಸನ್ನೇ ಕೆಳಗಿನಿಂದ ಮೇಲಕ್ಕೆ ಓದಿಕೊಂಡರೆ ಆದೀತು ಅಂತ ಕೇಳಿದವರು ಅನ್ನುತ್ತಾರೆ, ಆದರೆ ಆಗುವುದಿಲ್ಲ. ಇಳಿಜಾರೆಲ್ಲ ಏರಾಗಿದೆ, ರೋಲ್ ಹೊಡೆಯುತ್ತಿದ್ದ ಜಿಗಿತ ಮಾಯವಾಗಿದೆ, ಬಿಚ್ಚಿಕೊಳ್ಳುತ್ತಿದ್ದ ತಿರುವುಗಳೆಲ್ಲ ಕೊನೆಯಲ್ಲಿ ಬಿಗಿಯಾಗುತ್ತವೆ. ಸೆಬೆಂಕೋ ಕ್ಲೈಂಬ್‌ಗೆ ಹೊಸ ಪುಟ ತೆಗೆದು ವೆನಮ್‌ನಿಂದ ಮತ್ತೆ ಬರೆಯುತ್ತಿದ್ದೇನೆ. ಸದ್ಯಕ್ಕೆ ರೇಪಿಯರ್‌ವರೆಗೆ ಬಂದಿದೆ.